486 ಡಾಸ್ ಯಂತ್ರ: ಬೂಟ್ ಆದ ಕೂಡಲೇ ಡಿಎಚ್‌ಸಿಪಿ ಟೈಮ್‌ಔಟ್, ಸ್ವಲ್ಪ ಹೊತ್ತು ಬಿಟ್ಟು ಕೊಟ್ಟರೆ ತಕ್ಷಣ ಐಪಿ

ಐಸಾ_ಸ್ಲಾಟ್ (ಪ್ರಶ್ನೆ)

ನಮಸ್ಕಾರ. ಯಂತ್ರದ ವಿವರ ಮೊದಲು ಹೇಳಿಬಿಡುತ್ತೇನೆ. 486 ಡಿಎಕ್ಸ್2-66, 16 ಎಂಬಿ ರ‍್ಯಾಮ್, ಎಂಎಸ್-ಡಾಸ್ 6.22. ನೆಟ್‌ವರ್ಕ್ ಕಾರ್ಡ್ 3ಕಾಂ ಈಥರ್‌ಲಿಂಕ್ 3, ಮಾದರಿ 3ಸಿ509ಬಿ ಕಾಂಬೊ. ಐ/ಒ ವಿಳಾಸ ಹೆಕ್ಸ್ 300, ಐಆರ್‌ಕ್ಯು (ಕಾರ್ಡ್ ಪ್ರೊಸೆಸರಿನ ಗಮನ ಸೆಳೆಯುವ ಇಂಟರಪ್ಟ್ ಸಂಖ್ಯೆ) 10. ಕಾರ್ಡಿನ ಡಿಸ್ಕ್‌ನಲ್ಲಿದ್ದ ಪ್ಯಾಕೆಟ್ ಡ್ರೈವರನ್ನೇ ಸಾಫ್ಟ್‌ವೇರ್ ಇಂಟರಪ್ಟ್ ಹೆಕ್ಸ್ 60ರಲ್ಲಿ ಹಾಕಿದ್ದೇನೆ. ಅದರ ಮೇಲೆ ಮೈಕಲ್ ಬ್ರಟ್‌ಮನ್ ಅವರ ಎಂಟಿಸಿಪಿ (ಡಾಸ್‌ಗೆ ಬರೆದ ಟಿಸಿಪಿ/ಐಪಿ ಪ್ರೋಗ್ರಾಮ್‌ಗಳ ಗುಚ್ಛ). ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ, ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಸೇವೆ) ಕೊಡುವುದು ಅದರೊಳಗಿನ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಮ್.

ಆಟೋಎಕ್ಸೆಕ್ ಫೈಲಿನಲ್ಲಿ ಪ್ಯಾಕೆಟ್ ಡ್ರೈವರ್ ಸಾಲಿನ ಕೆಳಗೇ ಎಂಟಿಸಿಪಿಯ ಡಿಎಚ್‌ಸಿಪಿ ಸಾಲಿದೆ. ಬೂಟ್ ಆಗುವಾಗ ಒಂದು, ಎರಡು, ಮೂರು ಎಂದು ಮೂರು ಪ್ರಯತ್ನವೂ ಟೈಮ್‌ಔಟ್ ಆಗಿ ಕೈಬಿಡುತ್ತದೆ. ಪ್ರಾಂಪ್ಟ್ ಬಂದ ಮೇಲೆ ಒಂದರ್ಧ ನಿಮಿಷ ಬಿಟ್ಟು ಅದೇ ಕಮಾಂಡ್ ಕೊಟ್ಟರೆ ಮೊದಲ ಪ್ರಯತ್ನದಲ್ಲೇ ಐಪಿ ಸಿಗುತ್ತದೆ. ಆಮೇಲೆ ಎಫ್‌ಟಿಪಿ, ಟೆಲ್ನೆಟ್ ಎಲ್ಲ ಸರಿ.

ಗಮನಿಸಿದ ಇನ್ನಷ್ಟು ಸಂಗತಿಗಳು:

ಇದು ಶುರುವಾದದ್ದು ಹಳೆಯ ಸಾದಾ 5 ಪೋರ್ಟಿನ ಸ್ವಿಚ್ ತೆಗೆದು 8 ಪೋರ್ಟಿನ ಮ್ಯಾನೇಜ್ಡ್ ಗಿಗಾಬಿಟ್ ಸ್ವಿಚ್ ಹಾಕಿದ ಮೇಲೆ. ಆದರೆ ಅದೇ ಪೋರ್ಟಿಗೆ, ಅದೇ ಕೇಬಲಿನಿಂದ ಲ್ಯಾಪ್‌ಟಾಪ್ ಜೋಡಿಸಿದರೆ ನಾಲ್ಕೈದು ಸೆಕೆಂಡಿನಲ್ಲಿ ಐಪಿ ಬರುತ್ತದೆ. ಹಾಗಾಗಿ ಸ್ವಿಚ್ಚಿನ ತಪ್ಪೆನ್ನಲು ಮನಸ್ಸು ಒಪ್ಪುತ್ತಿಲ್ಲ.

ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಬೂಟ್ ಮಾಡಿದರೆ ಕೆಲವು ಸಲ ಮೊದಲ ಪ್ರಯತ್ನದಲ್ಲೇ ಸಿಗುತ್ತದೆ. ಪವರ್ ಆರಿಸಿ ಹಾಕಿದರೆ ಒಮ್ಮೆಯೂ ಸಿಕ್ಕಿಲ್ಲ.

ಪಕ್ಕದ ಪೆಂಟಿಯಂ ಎಂಎಂಎಕ್ಸ್ ಯಂತ್ರದಲ್ಲಿ ವಿಂಡೋಸ್ 98 ಸೆಕೆಂಡ್ ಎಡಿಶನ್ ಇದೆ. ಅದರಲ್ಲೂ ಇಂಥದ್ದೇ ಇನ್ನೊಂದು ಕಾರ್ಡ್. ಅದು ಬೂಟ್ ಆಗಿ 169.254ರಿಂದ ಶುರುವಾಗುವ ವಿಳಾಸ ಹಿಡಿದು ಕೂರುತ್ತದೆ, ಇಲ್ಲವೇ ಹತ್ತಿರ ಹತ್ತಿರ ಒಂದು ನಿಮಿಷ ತೆಗೆದುಕೊಳ್ಳುತ್ತದೆ.

ಹಳೆಯ ಸ್ವಿಚ್ ಇದ್ದಾಗಲೂ ಡಾಸ್ ಯಂತ್ರ ಐಪಿ ಪಡೆಯಲು 3-4 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅದು ಸಹಜವೋ, ಅದಕ್ಕೂ ಕಾರಣವಿದೆಯೋ ಗೊತ್ತಿಲ್ಲ.

ಕಾರ್ಡ್ ಬದಲಿಸಬೇಕೆ? ಡ್ರೈವರ್ ಬದಲಿಸಬೇಕೆ?

---

ತಂತಿಗಂಟು

ಡಿಎಚ್‌ಸಿಪಿ ಬಿಟ್ಟು ಸ್ಥಿರ ಐಪಿ ಕೊಟ್ಟುಬಿಡಿ. ಎಂಟಿಸಿಪಿ ಕಾನ್ಫಿಗರೇಷನ್ ಫೈಲಿನಲ್ಲಿ ಐಪಿ ವಿಳಾಸ, ನೆಟ್‌ಮಾಸ್ಕ್, ಗೇಟ್‌ವೇ, ನೇಮ್‌ಸರ್ವರ್ ಎಂದು ನಾಲ್ಕು ಸಾಲು ಬರೆದರೆ ಆಯಿತು. ರೂಟರ್ ಹಂಚುವ ವಿಳಾಸಗಳ ವ್ಯಾಪ್ತಿಯಿಂದ ಹೊರಗಿನದನ್ನು ಆರಿಸಿಕೊಳ್ಳಿ.

---

ಹತ್ತು_ಮೆಗಾಬಿಟ್

ಸ್ಥಿರ ಐಪಿ ಕೊಟ್ಟರೆ ಟೈಮ್‌ಔಟ್ ಸಂದೇಶ ಕಾಣುವುದಿಲ್ಲ ಅಷ್ಟೆ, ತೊಂದರೆ ಹಾಗೇ ಇರುತ್ತದೆ. ಬೂಟ್ ಆದ ತಕ್ಷಣ ಎಫ್‌ಟಿಪಿ ಕೊಟ್ಟು ನೋಡಿ, ಗೇಟ್‌ವೇಯ ಮ್ಯಾಕ್ (ಹಾರ್ಡ್‌ವೇರ್) ವಿಳಾಸ ಕೇಳುವ ಎಆರ್‌ಪಿಗೇ ಉತ್ತರ ಬರುವುದಿಲ್ಲ. ಐಸಾ_ಸ್ಲಾಟ್ ಅವರೇ, ಕಾರ್ಡನ್ನೂ ಡ್ರೈವರನ್ನೂ ಮುಟ್ಟಬೇಡಿ. ನೀವು ಕೊಟ್ಟ ಲಕ್ಷಣಗಳು ಒಂದೇ ಕಡೆ ಕೈತೋರಿಸುತ್ತವೆ: ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ, ಅಂದರೆ ಜಾಲದಲ್ಲಿ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ. ಲ್ಯಾಪ್‌ಟಾಪಿಗೆ ಬೇಗ ಸಿಗುವುದು ಇದಕ್ಕೆ ವಿರುದ್ಧದ ಸಾಕ್ಷಿ ಅಲ್ಲ. ಅದೂ ಇದನ್ನೇ ಹೇಳುತ್ತದೆ.

ಡಿಎಚ್‌ಸಿಪಿ ತಡವಾದಾಗ ಮೊದಲು ಮಾಡಬೇಕಾದದ್ದು ಸೆಕೆಂಡು ಎಣಿಸುವುದು. ಈ ಸರಣಿಯಲ್ಲಿ ಬರುವ ಪ್ರತಿಯೊಬ್ಬರಿಗೂ ತನ್ನದೇ ಗಡುವಿದೆ. ತಡ ಎಷ್ಟು ಎಂಬುದರಿಂದಲೇ ತಡ ಮಾಡಿದವರು ಯಾರು ಎಂದು ಹೆಚ್ಚುಕಡಿಮೆ ಹೇಳಬಹುದು.

ನಿಮ್ಮ ಲೆಕ್ಕ ನೋಡಿ. ಪೋರ್ಟಿನಲ್ಲಿ ಲಿಂಕ್ ಬಂದ ಕೂಡಲೇ ಸ್ವಿಚ್ ಅದನ್ನು ಸಂಚಾರಕ್ಕೆ ತೆರೆಯುವುದಿಲ್ಲ. ಆ ತಂತಿಯ ಆಚೆ ಇನ್ನೊಂದು ಸ್ವಿಚ್ ಇದ್ದು, ಜಾಲ ಸುತ್ತಿಕೊಂಡು ಲೂಪ್ ಆದೀತೆಂಬ ಎಚ್ಚರಿಕೆ ಅದಕ್ಕೆ. ಸ್ಪ್ಯಾನಿಂಗ್ ಟ್ರೀಯ ಮಾನಕವಾದ 802.1ಡಿ ಪ್ರಕಾರ ಮೊದಲು ಲಿಸನಿಂಗ್ ಸ್ಥಿತಿಯಲ್ಲಿ 15 ಸೆಕೆಂಡ್, ನಂತರ ಲರ್ನಿಂಗ್ ಸ್ಥಿತಿಯಲ್ಲಿ 15 ಸೆಕೆಂಡ್, ಒಟ್ಟು 30. ಈ ಅವಧಿಯಲ್ಲಿ ನಿಮ್ಮ ಕಾರ್ಡ್ ಕಳಿಸಿದ ಪ್ಯಾಕೆಟ್ ಸ್ವಿಚ್ ತಲುಪುತ್ತದೆ, ಆದರೆ ಅಲ್ಲೇ ಬಿಸಾಡಲ್ಪಡುತ್ತದೆ. ಎಂಟಿಸಿಪಿಯ ಡಿಎಚ್‌ಸಿಪಿ ಸುಮ್ಮನೆ ಕೊಟ್ಟರೆ ಪ್ರತಿ ಕೋರಿಕೆಗೆ 10 ಸೆಕೆಂಡಿನಂತೆ 3 ಸಲ ಕಾಯುತ್ತದೆ. ಕೋರಿಕೆಗಳು ಹೊರಡುವುದು 0, 10, 20ನೇ ಸೆಕೆಂಡಿನಲ್ಲಿ. ಮೂರೂ ಬಾಗಿಲು ಮುಚ್ಚಿರುವಾಗಲೇ ಹೋಗುತ್ತವೆ. 30ನೇ ಸೆಕೆಂಡಿಗೆ ಪ್ರೋಗ್ರಾಮ್ ಕೈಬಿಡುತ್ತದೆ, ಸರಿಸುಮಾರು ಅದೇ ಹೊತ್ತಿಗೆ ಪೋರ್ಟ್ ತೆರೆಯುತ್ತದೆ. ಆಮೇಲೆ ನೀವು ಕೈಯಾರೆ ಕೊಟ್ಟದ್ದು ಒಂದೇ ಏಟಿಗೆ ಸಿಗುತ್ತದೆ.

ಎಣಿಕೆ ಶುರುವಾಗುವುದು ಪವರ್ ಒತ್ತಿದಾಗಲ್ಲ, ಲಿಂಕ್ ಬಂದಾಗ. 3ಸಿ509ಬಿಯಲ್ಲಿ 10ಬೇಸ್-ಟಿ ಲಿಂಕ್ ಬೀಟನ್ನು ಚಾಲೂ ಮಾಡುವುದು ಡ್ರೈವರ್. ಸ್ವಿಚ್ಚಿನ ದೀಪ ನೋಡುತ್ತಾ ಬೂಟ್ ಮಾಡಿ, ಪ್ಯಾಕೆಟ್ ಡ್ರೈವರಿನ ಸಾಲು ಪರದೆಗೆ ಬಂದಾಗ ದೀಪ ಹತ್ತಬೇಕು. ನಿಮ್ಮ ಫೈಲಿನಲ್ಲಿ ಅದರ ಮರುಸಾಲೇ ಡಿಎಚ್‌ಸಿಪಿ, ಅಂದರೆ ಅತ್ಯಂತ ಕೆಟ್ಟ ಗಳಿಗೆಯಲ್ಲಿ ಕೇಳುತ್ತಿದ್ದೀರಿ. ವಾರ್ಮ್ ಬೂಟ್‌ನಲ್ಲಿ ಕೆಲವು ಸಲ ಸಿಗುವುದಕ್ಕೂ ಇದೇ ಕಾರಣ. 10ಬೇಸ್-ಟಿಯಲ್ಲಿ ಸುಮ್ಮನಿರುವ ಕಾರ್ಡ್ ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಲಿಂಕ್ ಪಲ್ಸ್ ಕಳಿಸುತ್ತದೆ. 50ರಿಂದ 150 ಮಿಲಿಸೆಕೆಂಡ್ ಏನೂ ಕಾಣದಿದ್ದರೆ ಎದುರಿನವರು ಲಿಂಕ್ ಬಿತ್ತೆಂದು ತೀರ್ಮಾನಿಸುತ್ತಾರೆ. ರೀಸೆಟ್ ಅದಕ್ಕಿಂತ ಬೇಗ ಮುಗಿದರೆ ಸ್ವಿಚ್ಚಿಗೆ ಗೊತ್ತೇ ಆಗುವುದಿಲ್ಲ, ಪೋರ್ಟ್ ತೆರೆದೇ ಇರುತ್ತದೆ.

ಈಗ ಲ್ಯಾಪ್‌ಟಾಪಿನ ವಿಚಾರ. ಇಂದಿನ ಸ್ವಿಚ್‌ಗಳಲ್ಲಿ ಇರುವುದು ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ, ಅಂದರೆ 2001ರ 802.1ಡಬ್ಲ್ಯು. ಇದು ಲಿಂಕ್ ಫುಲ್ ಡ್ಯುಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆಯುವಂಥದ್ದು) ಆಗಿದ್ದರೆ ಪಾಯಿಂಟ್-ಟು-ಪಾಯಿಂಟ್ ಎಂದು ಎಣಿಸುತ್ತದೆ, ಹಾಫ್ ಡ್ಯುಪ್ಲೆಕ್ಸ್ (ಒಂದು ಸಲಕ್ಕೆ ಒಂದೇ ದಿಕ್ಕು) ಆಗಿದ್ದರೆ ಆಚೆ ಹಬ್ ಇರಬಹುದೆಂದು ಹಂಚಿಕೆಯ ಲಿಂಕ್ ಎನ್ನುತ್ತದೆ. ತುದಿಯ ಪೋರ್ಟನ್ನು ತಾನೇ ಗುರುತಿಸುವ ಸೌಲಭ್ಯವಿರುವ ಸ್ವಿಚ್‌ನಲ್ಲಿ, ಆಚೆಯಿಂದ ಬಿಪಿಡಿಯು (ಸ್ವಿಚ್‌ಗಳು ಪರಸ್ಪರ ಕಳಿಸುವ ಸ್ಪ್ಯಾನಿಂಗ್ ಟ್ರೀ ಸಂದೇಶ) ಬಾರದಿದ್ದರೆ ಪಾಯಿಂಟ್-ಟು-ಪಾಯಿಂಟ್ ಲಿಂಕ್ ಸುಮಾರು 3 ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಆದದ್ದು ಇದು. ಹಂಚಿಕೆಯ ಲಿಂಕಿಗೆ ಆ ಬೇಗದ ದಾರಿ ಇಲ್ಲ. 3ಸಿ509ಬಿಗೆ ಎದುರಿನವರೊಡನೆ ವೇಗ, ಡ್ಯುಪ್ಲೆಕ್ಸ್ ನಿರ್ಧರಿಸಿಕೊಳ್ಳುವ ಆಟೋ-ನೆಗೋಷಿಯೇಷನ್ ಬರುವುದಿಲ್ಲ, ಅದು ಸಾದಾ ಪಲ್ಸ್ ಮಾತ್ರ ಕಳಿಸುತ್ತದೆ. ಅದನ್ನು ಕಂಡ ಸ್ವಿಚ್ ನಿಯಮದ ಪ್ರಕಾರ 10 ಮೆಗಾಬಿಟ್ ಹಾಫ್ ಡ್ಯುಪ್ಲೆಕ್ಸ್‌ಗೆ ಇಳಿಯುತ್ತದೆ. ಹೀಗೆ ಒಂದೇ ಪೋರ್ಟ್, ಒಂದೇ ಕೇಬಲ್ ಇದ್ದರೂ ಹಳೆಯ ಯಂತ್ರಕ್ಕೊಂದು ನ್ಯಾಯ, ಹೊಸದಕ್ಕೊಂದು ನ್ಯಾಯ.

ಇದನ್ನು ನೋಡಿ ಕಾರ್ಡನ್ನು ಫುಲ್ ಡ್ಯುಪ್ಲೆಕ್ಸ್ ಮಾಡುವ ಯೋಚನೆ ಬಂದರೆ ದಯವಿಟ್ಟು ಬೇಡ. 3ಕಾಂ ಕಾನ್ಫಿಗರೇಷನ್ ಪ್ರೋಗ್ರಾಮಿನಲ್ಲಿ ಆ ಆಯ್ಕೆ ಇರುವುದು ನಿಜ. ಆದರೆ ಕಾರ್ಡ್ ಅದನ್ನು ಎದುರಿನವರಿಗೆ ಹೇಳಲಾರದು, ಸ್ವಿಚ್ ಹಾಫ್‌ನಲ್ಲೇ ಉಳಿಯುತ್ತದೆ. ಡಿಎಚ್‌ಸಿಪಿಯಂಥ ಚಿಕ್ಕ ಸಂಭಾಷಣೆ ದಾಟಿಬಿಡುತ್ತದೆ, ದೊಡ್ಡ ಫೈಲ್ ಕಳಿಸುವಾಗ ಲೇಟ್ ಕೊಲಿಷನ್ ಬಂದು ವೇಗ ಕುಸಿಯುತ್ತದೆ. ಆ ದೋಷ ಹುಡುಕಲು ದಿನಗಟ್ಟಲೆ ಹಿಡಿಯುತ್ತದೆ.

ಪರಿಹಾರ: ಸ್ವಿಚ್ಚಿನ ಮ್ಯಾನೇಜ್‌ಮೆಂಟ್ ಪುಟದಲ್ಲಿ ಸ್ಪ್ಯಾನಿಂಗ್ ಟ್ರೀ ವಿಭಾಗಕ್ಕೆ ಹೋಗಿ, 486 ಇರುವ ಪೋರ್ಟನ್ನು ಎಡ್ಜ್ ಪೋರ್ಟ್ (ಆಚೆ ಸ್ವಿಚ್ ಇಲ್ಲದ ತುದಿಯ ಪೋರ್ಟ್) ಎಂದು ಗುರುತು ಹಾಕಿ. ಸಿಸ್ಕೊದವರು ಇದನ್ನು ಪೋರ್ಟ್‌ಫಾಸ್ಟ್ ಎನ್ನುತ್ತಾರೆ. ತಾನೇ ಗುರುತಿಸಲಿ ಎಂಬ ಆಯ್ಕೆ ಸಾಲದು, ಖಚಿತವಾಗಿ ಹೌದು ಎಂದೇ ಕೊಡಿ. ವಿಂಡೋಸ್ 98 ಯಂತ್ರದ ಪೋರ್ಟಿಗೂ ಅದೇ. ಇಡೀ ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ ಆರಿಸುವುದು ಬೇಡ, ಯಾವತ್ತಾದರೂ ಒಂದು ಕೇಬಲ್ ಎರಡೂ ತುದಿ ಅದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಮನೆಯ ಜಾಲವೆಲ್ಲ ನಿಲ್ಲುತ್ತದೆ. ಎಡ್ಜ್ ಪೋರ್ಟ್‌ಗೆ ಅಕಸ್ಮಾತ್ ಬಿಪಿಡಿಯು ಬಂದರೆ ಅದು ಎಡ್ಜ್ ಸ್ಥಾನ ಬಿಟ್ಟು ಮಾಮೂಲಿ ಪೋರ್ಟ್ ಆಗುತ್ತದೆ, ಹಾಗಾಗಿ ಅಪಾಯ ಕಡಿಮೆ.

ಫಾರ್ವರ್ಡ್ ಡಿಲೇಯನ್ನು (ಲಿಸನಿಂಗ್, ಲರ್ನಿಂಗ್ ಸ್ಥಿತಿಗಳ ತಲಾ ಅವಧಿ) 15ರಿಂದ 4ಕ್ಕೆ ಇಳಿಸಿ ಎಂಬ ಸಲಹೆಯೂ ಅಲ್ಲಲ್ಲಿ ಕಾಣುತ್ತದೆ. ಮ್ಯಾನೇಜ್‌ಮೆಂಟ್ ಪುಟವು 4 ಎಂಬ ಅಂಕಿಯನ್ನು ಒಪ್ಪಬಹುದು, ವ್ಯಾಪ್ತಿ 4ರಿಂದ 30. ಆದರೆ ಫಾರ್ವರ್ಡ್ ಡಿಲೇಯಲ್ಲಿ ಒಂದು ಕಳೆದು ಎರಡರಿಂದ ಗುಣಿಸಿದರೆ ಬರುವ ಸಂಖ್ಯೆ ಮ್ಯಾಕ್ಸ್ ಏಜ್‌ಗಿಂತ ಕಡಿಮೆ ಇರಕೂಡದು. ಮ್ಯಾಕ್ಸ್ ಏಜ್, ಅಂದರೆ ಬಿಪಿಡಿಯು ಮಾಹಿತಿ ಹಳತಾಯಿತೆನ್ನುವ ಗಡುವು, ಸಾಮಾನ್ಯವಾಗಿ 20 ಸೆಕೆಂಡ್. ಅಂದರೆ 11ಕ್ಕಿಂತ ಕೆಳಗಿಳಿಸಬೇಕಾದರೆ ಅದನ್ನೂ ಇಳಿಸಬೇಕು. ಒಂದು ಪೋರ್ಟಿನ ಸಲುವಾಗಿ ಇಷ್ಟೆಲ್ಲ ಕೆದಕುವುದು ತರವಲ್ಲ.

ಬದಲಾವಣೆಗೆ ಮುಂಚೆ ಖಾತ್ರಿ ಮಾಡಿಕೊಳ್ಳಬೇಕೆಂದರೆ ಸುಲಭದ ಪರೀಕ್ಷೆ ಇದೆ. ತೆಗೆದಿಟ್ಟ 5 ಪೋರ್ಟಿನ ಸಾದಾ ಸ್ವಿಚ್ಚನ್ನು 486 ಮತ್ತು ಹೊಸ ಸ್ವಿಚ್ ನಡುವೆ ಜೋಡಿಸಿ, ಒಂದು ನಿಮಿಷ ಬಿಟ್ಟು 486 ಹಾಕಿ. ಈಗ ಮ್ಯಾನೇಜ್ಡ್ ಸ್ವಿಚ್ಚಿಗೆ ಕಾಣುವ ಲಿಂಕ್ ಸಾದಾ ಸ್ವಿಚ್ಚಿನದು, ಅದು ಬೀಳುವುದೇ ಇಲ್ಲ. ಮೊದಲ ಪ್ರಯತ್ನದಲ್ಲೇ ಐಪಿ ಬಂದರೆ ರೋಗ ಸ್ಪ್ಯಾನಿಂಗ್ ಟ್ರೀಯದ್ದೇ. ಸ್ವಿಚ್ ಬೇರೆಯವರ ಕೈಯಲ್ಲಿದ್ದು ಸೆಟಿಂಗ್ ಮುಟ್ಟಲಾಗದಿದ್ದರೆ ಇದನ್ನೇ ಶಾಶ್ವತ ಪರಿಹಾರ ಮಾಡಿಕೊಳ್ಳಬಹುದು. 2.5 ಗಿಗಾಬಿಟ್ ಪೋರ್ಟ್‌ಗಳಲ್ಲಿ ಹಲವಕ್ಕೆ 10 ಮೆಗಾಬಿಟ್ ಬರುವುದೇ ಇಲ್ಲ, ಅಲ್ಲಿ ಹೇಗೂ ನಡುವೆ ಇಂಥದ್ದೊಂದು ಬೇಕು. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಹುಡುಕಿ. ಕೊಳ್ಳುವ ಮುಂಚೆ ಡಬ್ಬಿಯ ಮೇಲೆ 10/100 ಎಂದಿದೆಯೇ ನೋಡಿಕೊಳ್ಳಿ.

---

ಪ್ಯಾಕೆಟ್_ಪೆಟ್ಟಿಗೆ

ಹತ್ತು_ಮೆಗಾಬಿಟ್ ಹೇಳಿದ್ದು ಪೂರ್ತಿ ಸರಿ. ಉಳಿದ ಎರಡು ಸಂಗತಿಗಳಿಗೆ ನನ್ನ ಉತ್ತರ.

ವಿಂಡೋಸ್ 98ರ ಒಂದು ನಿಮಿಷ: 1997ರ ಆರ್‌ಎಫ್‌ಸಿ 2131 ಕ್ಲೈಂಟ್‌ಗಳಿಗೆ ಹೇಳುವುದೇನೆಂದರೆ, ಉತ್ತರ ಬಾರದಿದ್ದರೆ 4 ಸೆಕೆಂಡ್ ಬಿಟ್ಟು ಮತ್ತೆ ಕೇಳಿ, ಆಮೇಲೆ 8, ಆಮೇಲೆ 16, 32, ಹೆಚ್ಚೆಂದರೆ 64. ಪ್ರತಿಯೊಂದರಲ್ಲೂ ಒಂದು ಸೆಕೆಂಡ್ ಆಚೀಚೆ. ಕೂಡಿಸಿ ನೋಡಿ: ಕೋರಿಕೆಗಳು 0, 4, 12, 28, 60ನೇ ಸೆಕೆಂಡಿಗೆ ಬೀಳುತ್ತವೆ. ಪೋರ್ಟ್ ತೆರೆಯುವುದು 30ಕ್ಕೆ. 28ರದ್ದು ಎರಡು ಸೆಕೆಂಡಿನಲ್ಲಿ ತಪ್ಪಿತು, ಮುಂದಿನದು 60ಕ್ಕೆ. ಸ್ವಿಚ್ ತಿಂದದ್ದು ಅರ್ಧ ನಿಮಿಷ, ಬಳಕೆದಾರ ಕಾದದ್ದು ಒಂದು ನಿಮಿಷ. ಈ ಕ್ರಮ ಅನುಸರಿಸುವ ಯಾವ ಕ್ಲೈಂಟ್ ಆದರೂ ಹೀಗೇ. ವಿಂಡೋಸ್ 98 ಅಷ್ಟು ಕಾಯದೆ ಕೈಬಿಟ್ಟ ದಿನ 169.254ರ ವಿಳಾಸ ತಾನೇ ಹಾಕಿಕೊಳ್ಳುತ್ತದೆ. ರಿಜಿಸ್ಟ್ರಿಯಲ್ಲಿ ಆ ಸ್ವಯಂ-ವಿಳಾಸವನ್ನು ಆರಿಸಿಡುವ ಉಪಾಯವಿದೆ, ಆದರೆ ಅದರಿಂದ ತಪ್ಪು ವಿಳಾಸದ ಬದಲು ವಿಳಾಸವೇ ಇಲ್ಲದಂತಾಗುತ್ತದೆ. ಎಡ್ಜ್ ಪೋರ್ಟ್ ಮಾಡಿದ ಮೇಲೆ ಒಮ್ಮೆ ವಿನ್‌ಐಪಿಸಿಎಫ್‌ಜಿ ತೆರೆದು ರಿಲೀಸ್ ಆಲ್, ರಿನ್ಯೂ ಆಲ್ ಒತ್ತಿ.

ವಿಂಡೋಸ್‌ಗೆ ಇನ್ನೊಂದು ತಡದ ಮೂಲವೂ ಇದೆ. ಅದು ಹಳೆಯ ಲೀಸನ್ನು (ಇಂತಿಷ್ಟು ಅವಧಿಗೆಂದು ಸಿಕ್ಕ ವಿಳಾಸ) ಡಿಸ್ಕ್‌ನಲ್ಲಿ ನೆನಪಿಟ್ಟುಕೊಂಡು, ಬೂಟ್ ಆದಾಗ ಸರ್ವರ್ ಹುಡುಕುವ ಡಿಸ್ಕವರ್ ಸಂದೇಶ ಬಿಟ್ಟು ನೇರವಾಗಿ ಆ ವಿಳಾಸಕ್ಕೇ ರಿಕ್ವೆಸ್ಟ್ ಕಳಿಸುತ್ತದೆ. ರೂಟರ್ ಬದಲಾಗಿದ್ದರೆ ಅಥವಾ ಅದರ ಲೀಸ್ ಪಟ್ಟಿ ಅಳಿಸಿಹೋಗಿದ್ದರೆ, ತನಗೆ ಪರಿಚಯವಿಲ್ಲದ ಲೀಸ್ ಎಂದು ಸರ್ವರ್ ಸುಮ್ಮನಿದ್ದುಬಿಡಬಹುದು. ನಿಯಮದ ಪ್ರಕಾರ ಆ ಮೌನವೂ ಸರಿಯೇ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಅಥಾರಿಟೇಟಿವ್ ಆಯ್ಕೆ ಚಾಲೂ ಇದ್ದರೆ ಸುಮ್ಮನಿರದೆ ತಕ್ಷಣ ಉತ್ತರಿಸುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇದು ಮೊದಲೇ ಚಾಲೂ ಇರುತ್ತದೆ, ಯಾರಾದರೂ ಆರಿಸಿದ್ದಾರೆಯೇ ಎಂದು ಮಾತ್ರ ನೋಡಿ. ಜಾಲದಲ್ಲಿ ಬೇರೆ ಡಿಎಚ್‌ಸಿಪಿ ಸರ್ವರ್ ಇದ್ದರೆ ಮಾತ್ರ ಇದು ಆರಿರಬೇಕು.

ಹಳೆಯ ಸ್ವಿಚ್ಚಿನಲ್ಲೂ ಇದ್ದ 3-4 ಸೆಕೆಂಡ್: ಅದು ಸರ್ವರಿನದು. ಹೊಸ ವಿಳಾಸ ಕೊಡುವ ಮುಂಚೆ ಅದು ಈಗಾಗಲೇ ಬಳಕೆಯಲ್ಲಿದೆಯೇ ಎಂದು ಡಿಎನ್‌ಎಸ್‌ಮಾಸ್ಕ್ ಆ ವಿಳಾಸಕ್ಕೆ ಪಿಂಗ್ ಕಳಿಸಿ 3 ಸೆಕೆಂಡ್ ಕಾಯುತ್ತದೆ. ಐಎಸ್‌ಸಿ ಡಿಎಚ್‌ಸಿಪಿಡಿ ಎಂಬ ಇನ್ನೊಂದು ಸರ್ವರ್ ಇದೇ ಕೆಲಸಕ್ಕೆ 1 ಸೆಕೆಂಡ್ ಕಾಯುತ್ತದೆ. ಜೀವಂತ ಲೀಸ್ ಇರುವ ಯಂತ್ರ ಮತ್ತೆ ಕೇಳಿದರೆ ಈ ಪಿಂಗ್ ಇಲ್ಲ, ಹೊಸದಾಗಿ ವಿಳಾಸ ಹುಡುಕುವಾಗ ಮಾತ್ರ. ಓಪನ್‌ಡಬ್ಲ್ಯುಆರ್‌ಟಿಯ ಲೀಸ್ ಅವಧಿ ಬದಲಿಸದಿದ್ದರೆ 12 ಗಂಟೆ. ದಿನಾ ಹಾಕುವ ಯಂತ್ರಕ್ಕೆ ಇದು ಅಪರೂಪ, ವಾರಕ್ಕೊಮ್ಮೆ ಹಾಕುವ 486ಕ್ಕೆ ಪ್ರತಿ ಸಲವೂ ಲೀಸ್ ತೀರಿರುತ್ತದೆ, ಪ್ರತಿ ಸಲವೂ 3 ಸೆಕೆಂಡ್. ಪಟ್ಟಿ ಇರುವುದು ರೂಟರಿನ ರ‍್ಯಾಮ್‌ನಲ್ಲಿ, ಕರೆಂಟ್ ಹೋದರೆ ಅದೂ ಅಳಿಸುತ್ತದೆ.

ಪಿಂಗ್ ಪರೀಕ್ಷೆಯನ್ನೇ ಆರಿಸುವ ಆಯ್ಕೆ ಇದೆ, ಆದರೆ ನಾನು ಹೇಳುವುದಿಲ್ಲ. ಸ್ಥಿರ ಐಪಿ ಹಾಕಿ ಮರೆತ ಯಂತ್ರವೊಂದು ಮೂಲೆಯಲ್ಲಿದ್ದರೆ ಎರಡಕ್ಕೂ ಒಂದೇ ವಿಳಾಸ ಬಂದು ಎರಡೂ ತೊದಲುತ್ತವೆ. ಅದರ ಬದಲು 486ರ ಮ್ಯಾಕ್ ವಿಳಾಸಕ್ಕೆ ಸ್ಟ್ಯಾಟಿಕ್ ಲೀಸ್ ಬರೆದಿಡಿ. ಕಾಯ್ದಿರಿಸಿದ ವಿಳಾಸಕ್ಕೆ ಪಿಂಗ್ ಕಾಯುವುದಿಲ್ಲ. ಹೀಗೆ ಮಾಡಿದರೆ ತಂತಿಗಂಟು ಅವರು ಬಯಸಿದ ಸ್ಥಿರ ವಿಳಾಸವೂ ಸಿಗುತ್ತದೆ, ಗೇಟ್‌ವೇ, ನೇಮ್‌ಸರ್ವರ್ ಬದಲಾದಾಗ ಡಾಸ್ ಫೈಲ್ ತಿದ್ದುವ ಕೆಲಸವೂ ಇಲ್ಲ.

---

ಹಳೆ_ಕೀಲಿಮಣೆ

ನನ್ನದೂ ಇದೇ ತೊಂದರೆ. 386 ಎಸ್‌ಎಕ್ಸ್, ಎನ್‌ಇ2000 ತದ್ರೂಪಿ ಕಾರ್ಡ್, ರಿಯಲ್‌ಟೆಕ್ 8019ಎಎಸ್ ಚಿಪ್. ಕ್ರಿನ್‌ವರ್ ಪ್ಯಾಕೆಟ್ ಡ್ರೈವರ್, ಐಆರ್‌ಕ್ಯು 5, ಐ/ಒ ಹೆಕ್ಸ್ 300. ಸ್ವಿಚ್ ಸಾದಾ, ಮ್ಯಾನೇಜ್ಡ್ ಅಲ್ಲ. ಡಿಎಚ್‌ಸಿಪಿ ಮೂರು ಸಲವೂ ಟೈಮ್‌ಔಟ್. ಹತ್ತು ನಿಮಿಷ ಬಿಟ್ಟು ಕೊಟ್ಟರೂ ಅಷ್ಟೇ. ರೂಟರ್ ಲಾಗ್‌ನಲ್ಲಿ ನನ್ನ ಮ್ಯಾಕ್ ವಿಳಾಸದ ಡಿಸ್ಕವರ್, ಅದರ ಹಿಂದೆ ವಿಳಾಸ ಕೊಡಲು ಸರ್ವರ್ ಕಳಿಸುವ ಆಫರ್, ಮತ್ತೆ ಡಿಸ್ಕವರ್, ಮತ್ತೆ ಆಫರ್ ಎಂದು ಕಾಣುತ್ತದೆ. ಇದಕ್ಕೂ ಎಡ್ಜ್ ಪೋರ್ಟ್ ಬೇಕೆ?

---

ಹತ್ತು_ಮೆಗಾಬಿಟ್

ಹಳೆ_ಕೀಲಿಮಣೆ ಅವರೇ, ನಿಮ್ಮದು ತಡವಲ್ಲ, ಕಿವುಡು. ಲಾಗ್ ನೋಡಿದ್ದು ಬಹಳ ಒಳ್ಳೆಯದಾಯಿತು. ಡಿಸ್ಕವರ್ ರೂಟರ್ ತಲುಪುತ್ತಿದೆ ಎಂದರೆ ಕಾರ್ಡ್, ಕೇಬಲ್, ಸ್ವಿಚ್, ಕಳಿಸುವ ದಾರಿ ಎಲ್ಲ ಸರಿ. ಆಫರ್ ಹೊರಟರೂ ರಿಕ್ವೆಸ್ಟ್ ಬರುತ್ತಿಲ್ಲ ಎಂದರೆ ಉತ್ತರ ನಿಮ್ಮ ಯಂತ್ರಕ್ಕೆ ಕೇಳಿಸುತ್ತಿಲ್ಲ. ಪ್ಯಾಕೆಟ್ ಕಳಿಸುವಾಗ ಡ್ರೈವರ್ ತಾನೇ ಕಾರ್ಡಿಗೆ ಬರೆಯುತ್ತದೆ, ಅದಕ್ಕೆ ಐ/ಒ ವಿಳಾಸ ಸರಿಯಿದ್ದರೆ ಸಾಕು. ಬಂದ ಪ್ಯಾಕೆಟ್ ಗೊತ್ತಾಗಬೇಕಾದರೆ ಕಾರ್ಡ್ ಇಂಟರಪ್ಟ್ ಕೊಡಬೇಕು, ಅದು ಡ್ರೈವರಿಗೆ ಹೇಳಿದ ಸಂಖ್ಯೆಯಲ್ಲೇ ಬರಬೇಕು. ಹತ್ತರಲ್ಲಿ ಒಂಬತ್ತು ಸಲ ಐಆರ್‌ಕ್ಯು ತಪ್ಪಿರುತ್ತದೆ.

ಆ 386ರಲ್ಲಿ ಸೌಂಡ್ ಕಾರ್ಡ್ ಇದೆಯೇ? ಸೌಂಡ್ ಬ್ಲಾಸ್ಟರ್ 16 ಕಾರ್ಖಾನೆಯಿಂದ ಬರುವುದೇ ಐಆರ್‌ಕ್ಯು 5ರಲ್ಲಿ. ಐಸಾ ಬಸ್ಸಿನಲ್ಲಿ ಎರಡು ಕಾರ್ಡ್ ಒಂದೇ ಐಆರ್‌ಕ್ಯು ಹಂಚಿಕೊಳ್ಳಲಾರವು. 7 ಎಲ್‌ಪಿಟಿ1ರದ್ದು, 3 ಎರಡನೇ ಕಾಂ ಪೋರ್ಟಿನದು, 4 ಮೊದಲನೆಯದರದು. 16 ಬಿಟ್ ಸ್ಲಾಟ್ ಇದ್ದರೆ 10 ಅಥವಾ 11 ಒಳ್ಳೆಯದು. 8 ಬಿಟ್ ಸ್ಲಾಟಿನಲ್ಲಿ 10ರ ತಂತಿಯೇ ಇಲ್ಲ.

8019ಎಎಸ್ ಕಾರ್ಡಿಗೆ ರಿಯಲ್‌ಟೆಕ್‌ನ ಸೆಟಪ್ ಪ್ರೋಗ್ರಾಮ್ ಇದೆ, ಆರ್‌ಸೆಟ್8019 ಎಂದು. ಫ್ಲಾಪಿಯಿಂದ ಸಾದಾ ಡಾಸ್ ಬೂಟ್ ಮಾಡಿ, ಪ್ಯಾಕೆಟ್ ಡ್ರೈವರ್ ಇಲ್ಲದೆ ಅದನ್ನು ಓಡಿಸಿ. ಮೊದಲು ಪ್ಲಗ್ ಅಂಡ್ ಪ್ಲೇ ತೆಗೆದು ಜಂಪರ್‌ಲೆಸ್ ಮಾಡಿ, ಇಲ್ಲವಾದರೆ 386ರಲ್ಲಿ ಕಾರ್ಡಿಗೆ ಸಂಪನ್ಮೂಲ ಕೊಡುವವರೇ ಇರುವುದಿಲ್ಲ. ನಂತರ ಐಆರ್‌ಕ್ಯು 10, ಐ/ಒ 300 ಬರೆದು, ಫುಲ್ ಡ್ಯುಪ್ಲೆಕ್ಸ್ ಚಾಲೂ ಇದ್ದರೆ ಆರಿಸಿ ಉಳಿಸಿ. ಪವರ್ ಪೂರ್ತಿ ಆರಿಸಿ ಹಾಕಿ. ಡ್ರೈವರ್ ಸಾಲಿನಲ್ಲಿ ಕ್ರಮ ಹೀಗೆ: ಸಾಫ್ಟ್‌ವೇರ್ ಇಂಟರಪ್ಟ್ ಹೆಕ್ಸ್ 60, ಆಮೇಲೆ ಐಆರ್‌ಕ್ಯು, ಆಮೇಲೆ ಐ/ಒ ವಿಳಾಸ ಹೆಕ್ಸ್ 300. 10 ಎಂದು ದಶಮಾನದಲ್ಲಿ ಬರೆಯಬೇಕಾದ ಕಡೆ ಹೆಕ್ಸ್ ಗುರುತು ಹಾಕಿ 10 ಬರೆದರೆ ಅದು 16 ಆಗುತ್ತದೆ, ಹಾಗೊಂದು ಐಆರ್‌ಕ್ಯು ಇಲ್ಲವೇ ಇಲ್ಲ. ಹೆಕ್ಸ್ 300 ಎನ್ನಬೇಕಾದ ಕಡೆ ಗುರುತು ಮರೆತು 300 ಎಂದರೂ ವಿಳಾಸ ತಪ್ಪುತ್ತದೆ.

ಎನ್‌ಇ2000 ತನ್ನ ವಿಳಾಸದಿಂದ 32 ಪೋರ್ಟ್ ಹಿಡಿಯುತ್ತದೆ. ಹೆಕ್ಸ್ 360 ಕೊಟ್ಟವರಿಗೆ ಅದು 37ಎಫ್‌ವರೆಗೆ ಹೋಗಿ 378ರ ಪ್ರಿಂಟರ್ ಪೋರ್ಟನ್ನು ತುಳಿಯುತ್ತದೆ. ನಿಮ್ಮ 300ರಲ್ಲಿ ಆ ಚಿಂತೆ ಇಲ್ಲ.

ಡಬ್ಲ್ಯುಡಿ8013ರಂತೆ ಶೇರ್ಡ್ ಮೆಮೊರಿ ಬಳಸುವ ಕಾರ್ಡಿನಲ್ಲಿ ಇದೇ ಲಕ್ಷಣ ಬೇರೆ ಕಾರಣಕ್ಕೆ ಬರುತ್ತದೆ. ಕಾರ್ಡಿನ ಮೆಮೊರಿ ಇರುವ ಜಾಗವನ್ನು, ಉದಾಹರಣೆಗೆ ಡಿ000ದಿಂದ ಡಿ3ಎಫ್‌ಎಫ್, ಡಾಸ್‌ನ ಮೆಮೊರಿ ಮ್ಯಾನೇಜರ್ ಇಎಂಎಂ386 ಖಾಲಿ ಎಂದು ಭಾವಿಸಿ ಅಪ್ಪರ್ ಮೆಮೊರಿಗೆ ಹಾಕಿಕೊಳ್ಳುತ್ತದೆ. ಕಾನ್ಫಿಗ್ ಫೈಲಿನ ಇಎಂಎಂ386 ಸಾಲಿನಲ್ಲಿ ಎಕ್ಸ್ ಆಪ್ಷನ್ ಕೊಟ್ಟು ಆ ವ್ಯಾಪ್ತಿಯನ್ನು ಹೊರಗಿಡಬೇಕು. ಎನ್‌ಇ2000ಕ್ಕೂ 3ಸಿ509ಬಿಗೂ ಇದು ಬೇಡ, ಅವು ಐ/ಒ ಮೂಲಕವೇ ಮಾತಾಡುತ್ತವೆ.

---

ಐಸಾ_ಸ್ಲಾಟ್

ಪರೀಕ್ಷೆಗಳ ಫಲಿತಾಂಶ. ಸ್ವಿಚ್ ದೀಪ ಹತ್ತುವುದು ಪ್ಯಾಕೆಟ್ ಡ್ರೈವರ್ ಲೋಡ್ ಆದಾಗಲೇ, ನೀವು ಹೇಳಿದಂತೆ. ಪೋರ್ಟ್ ಸ್ಥಿತಿಯ ಪುಟದಲ್ಲಿ 10 ಹಾಫ್ ಎಂದಿದೆ, ಸ್ಪ್ಯಾನಿಂಗ್ ಟ್ರೀ ಪುಟದಲ್ಲಿ ಲಿಂಕ್ ಬಗೆ ಶೇರ್ಡ್ ಎಂದಿದೆ. ಲ್ಯಾಪ್‌ಟಾಪ್ ಹಾಕಿದರೆ ಅದೇ ಜಾಗದಲ್ಲಿ ಪಾಯಿಂಟ್-ಟು-ಪಾಯಿಂಟ್.

ನಡುವೆ ಸಾದಾ ಸ್ವಿಚ್ ಇಟ್ಟಾಗ ಮೊದಲ ಪ್ರಯತ್ನದಲ್ಲೇ ಆಫರ್ ಬಂತು. ಅದನ್ನು ತೆಗೆದು, ಪೋರ್ಟನ್ನು ಎಡ್ಜ್ ಮಾಡಿ ಐದು ಸಲ ಕೋಲ್ಡ್ ಬೂಟ್ ಮಾಡಿದೆ. ನಾಲ್ಕು ಸಲ ಮೊದಲ ಪ್ರಯತ್ನದಲ್ಲಿ, ಒಂದು ಸಲ ಎರಡನೆಯದರಲ್ಲಿ ಸಿಕ್ಕಿತು. ವಿಂಡೋಸ್ 98 ಈಗ ಡೆಸ್ಕ್‌ಟಾಪ್ ಬರುವಷ್ಟರಲ್ಲಿ ಐಪಿ ಹಿಡಿದಿರುತ್ತದೆ. ಸ್ಟ್ಯಾಟಿಕ್ ಲೀಸ್ ಬರೆದ ಮೇಲೆ ಆ 3 ಸೆಕೆಂಡೂ ಹೋಯಿತು.

ಆ ಒಂದು ಸಲ ಎರಡನೇ ಪ್ರಯತ್ನಕ್ಕೆ ಹೋದದ್ದೇಕೆ? ಇನ್ನೊಂದು ವಿಚಾರ, ಕರೆಂಟ್ ಹೋಗಿ ಬಂದಾಗ ಎಲ್ಲ ಒಟ್ಟಿಗೆ ಶುರುವಾದರೆ ಇನ್ನೂ ಮೂರೂ ಪ್ರಯತ್ನ ವಿಫಲವಾಗುತ್ತವೆ.

---

ಪ್ಯಾಕೆಟ್_ಪೆಟ್ಟಿಗೆ

ಎಡ್ಜ್ ಪೋರ್ಟ್ ಆದರೂ ಲಿಂಕ್ ಏಳಲು ಒಂದೆರಡು ಸೆಕೆಂಡ್ ಬೇಕು. ಡ್ರೈವರ್ ಮುಗಿದ ತಕ್ಷಣ ಹೊರಟ ಮೊದಲ ಡಿಸ್ಕವರ್ ಅದರೊಳಗೆ ಸಿಕ್ಕಿಕೊಳ್ಳಬಹುದು. ಕಾರ್ಡ್ ಕಾಂಬೊ ಆದ್ದರಿಂದ ಮೀಡಿಯಾ ಆಯ್ಕೆ ಆಟೋ ಇದ್ದರೆ ಮೂರು ಕನೆಕ್ಟರ್‌ಗಳಲ್ಲಿ ಯಾವುದೆಂದು ಹುಡುಕುವ ಸಮಯವೂ ಸೇರುತ್ತದೆ. 3ಕಾಂನ ಕಾನ್ಫಿಗರೇಷನ್ ಪ್ರೋಗ್ರಾಮ್, 3ಸಿ5ಎಕ್ಸ್9ಸಿಎಫ್‌ಜಿ, ಓಡಿಸಿ ಟ್ರಾನ್ಸೀವರನ್ನು 10ಬೇಸ್-ಟಿ ಎಂದು ನಿಗದಿ ಮಾಡಿ, ಅಲ್ಲೇ ಪ್ಲಗ್ ಅಂಡ್ ಪ್ಲೇಯನ್ನೂ ಆರಿಸಿ. ಆಮೇಲೆ ಆಟೋಎಕ್ಸೆಕ್‌ನಲ್ಲಿ ಪ್ಯಾಕೆಟ್ ಡ್ರೈವರನ್ನು ಎಲ್ಲಕ್ಕಿಂತ ಮೇಲೆ ಹಾಕಿ, ಮೌಸ್ ಡ್ರೈವರ್, ಎಂಎಸ್‌ಸಿಡಿಇಎಕ್ಸ್, ಸ್ಮಾರ್ಟ್‌ಡ್ರೈವ್ ಎಲ್ಲ ಲೋಡ್ ಆದ ಮೇಲೆ ಕಟ್ಟಕಡೆಗೆ ಡಿಎಚ್‌ಸಿಪಿ ಸಾಲು. ಕಾಯುವ ಹೊತ್ತು ಬೇರೆ ಕೆಲಸದಲ್ಲೇ ಕಳೆಯುತ್ತದೆ.

ಕರೆಂಟ್ ಬಂದಾಗಿನ ತೊಂದರೆಗೆ ಸ್ವಿಚ್ ಸೆಟಿಂಗ್ ಏನೂ ಮಾಡಲಾರದು. ಡಾಸ್ ಪ್ರಾಂಪ್ಟ್ ಬರುವ ಹೊತ್ತಿಗೆ ಮ್ಯಾನೇಜ್ಡ್ ಸ್ವಿಚ್ಚೂ ರೂಟರೂ ಇನ್ನೂ ತಮ್ಮ ಬೂಟ್ ಮುಗಿಸಿರುವುದಿಲ್ಲ. ಎರಡು ದಾರಿ ಇವೆ. ಒಂದು, ಡಿಎಚ್‌ಸಿಪಿ ಕಮಾಂಡಿಗೆ ರಿಟ್ರೈಸ್ ಆಪ್ಷನ್ ಕೊಟ್ಟು 3ನ್ನು 12ಕ್ಕೆ ಏರಿಸಿ, ತಲಾ 10 ಸೆಕೆಂಡಿನಂತೆ 2 ನಿಮಿಷ ಕಾಯುತ್ತದೆ. ಮಾಮೂಲಿ ದಿನ ಮೊದಲನೆಯದರಲ್ಲೇ ಸಿಗುವುದರಿಂದ ನಷ್ಟವಿಲ್ಲ, ಅವಸರವಿದ್ದರೆ ಎಸ್ಕೇಪ್ ಒತ್ತಿ ಹೊರಬರಬಹುದು. ಟೈಮ್‌ಔಟ್ ಹೆಚ್ಚಿಸುವುದಕ್ಕಿಂತ ಪ್ರಯತ್ನ ಹೆಚ್ಚಿಸುವುದು ಮೇಲು: 60 ಸೆಕೆಂಡಿನ ಒಂದು ಪ್ರಯತ್ನದಲ್ಲಿ ಪ್ಯಾಕೆಟ್ ಹೋಗುವುದು ಒಮ್ಮೆ ಮಾತ್ರ, ಅದು ಕಳೆದರೆ ಉಳಿದ ಕಾಯುವಿಕೆಯೆಲ್ಲ ದಂಡ.

ಇನ್ನೊಂದು, ಡಾಸ್ 6.22ರ ಚಾಯ್ಸ್ ಕಮಾಂಡ್. ಅದರ ಟಿ ಆಪ್ಷನ್‌ಗೆ ವೈ ಅಕ್ಷರವನ್ನೂ ಸೆಕೆಂಡನ್ನೂ ಕೊಟ್ಟರೆ ಅಷ್ಟು ಹೊತ್ತು ಕಾದು ವೈ ಒತ್ತಿದಂತೆ ಮುಂದೆ ಹೋಗುತ್ತದೆ. ಗರಿಷ್ಠ 99 ಸೆಕೆಂಡ್. ಇದನ್ನು ಪ್ರತಿ ಬೂಟ್‌ಗೂ ಹಾಕಬೇಡಿ, ಕಾನ್ಫಿಗ್ ಫೈಲಿನಲ್ಲಿ ಮೆನು ಮಾಡಿಕೊಂಡಿದ್ದರೆ ಕರೆಂಟ್ ಹೋಗಿ ಬಂದಾಗಿನ ಬೂಟ್ ಎಂದು ಬೇರೆ ಆಯ್ಕೆಯಲ್ಲಿಡಿ.

ಹತ್ತು_ಮೆಗಾಬಿಟ್ ಹೇಳಿದ ಎಣಿಕೆಗೆ ಇನ್ನೊಂದು ಅಂಕಿ ಸೇರಿಸುತ್ತೇನೆ. ಹಳೆಯ ಯಂತ್ರವನ್ನು ಕಾಲೇಜಿನ ಅಥವಾ ಕಚೇರಿಯ ಜಾಲಕ್ಕೆ ಜೋಡಿಸಿದವರಿಗೆ 30ರ ಬದಲು ಸರಿಯಾಗಿ 90 ಸೆಕೆಂಡ್ ಕಂಡರೆ ಅದು 802.1ಎಕ್ಸ್, ಅಂದರೆ ಜಾಲಕ್ಕೆ ಬರುವವರ ಗುರುತು ಪರಿಶೀಲಿಸುವ ವ್ಯವಸ್ಥೆ. ಸಿಸ್ಕೊ ಸ್ವಿಚ್‌ಗಳಲ್ಲಿ ಪೋರ್ಟ್ ಮೊದಲು ಗುರುತು ಕೇಳುತ್ತದೆ, 30 ಸೆಕೆಂಡಿನಂತೆ 3 ಸಲ ಉತ್ತರ ಬಾರದಿದ್ದ ಮೇಲೆ ಮ್ಯಾಕ್ ವಿಳಾಸ ನೋಡಿ ಒಳಬಿಡುವ ಕ್ರಮಕ್ಕೆ ಇಳಿಯುತ್ತದೆ. ಡಾಸ್‌ಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅಲ್ಲಿ ಎಡ್ಜ್ ಪೋರ್ಟ್ ಕೇಳಿ ಪ್ರಯೋಜನವಿಲ್ಲ, ಜಾಲ ನೋಡಿಕೊಳ್ಳುವವರ ಬಳಿ ಮ್ಯಾಕ್ ವಿಳಾಸ ಕೊಟ್ಟು, ಆ ಪೋರ್ಟಿನಲ್ಲಿ ಮ್ಯಾಕ್ ಪರಿಶೀಲನೆಯನ್ನೇ ಮೊದಲು ಮಾಡಲು ಹೇಳಿ.

---

ಹಳೆ_ಕೀಲಿಮಣೆ

ಸೌಂಡ್ ಕಾರ್ಡ್ ಐಆರ್‌ಕ್ಯು 5ರಲ್ಲೇ ಇತ್ತು. ನೆಟ್‌ವರ್ಕ್ ಕಾರ್ಡನ್ನು 10ಕ್ಕೆ ಬದಲಿಸಿ, ಪ್ಲಗ್ ಅಂಡ್ ಪ್ಲೇ ತೆಗೆದೆ. ಮೊದಲ ಪ್ರಯತ್ನ, ಆಫರ್, ಲೀಸ್ 43200 ಸೆಕೆಂಡ್.